ಕೇಳಿದವರು ವಾಪಸ್ ಬರದ ಗುಂಪು: ಬೆಂಗಳೂರಿನ ಒಂದು ಪೈಥಾನ್ ಬಳಗದ ಪ್ರಕರಣ

ಬೆಂಗಳೂರಿನಲ್ಲಿ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರಿಗೆ ಜೊತೆಗಾರರ ಕೊರತೆ ಇಲ್ಲ. ಬ್ಯಾಂಗ್‌ಪೈಪರ್ಸ್ ಬಳಗ ಬಹಳ ವರ್ಷಗಳಿಂದ ಇಲ್ಲಿದೆ. ಪೈಥಾನ್ ಬಳಸುವವರ ಪೈಕಾನ್ ಸಮ್ಮೇಳನ ಭಾರತದಲ್ಲಿ ಮೊದಲ ಸಲ 2009ರಲ್ಲಿ ನಡೆದದ್ದೂ ಇಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ನಾನು ಇಲ್ಲಿ ಬರೆಯುತ್ತಿರುವುದು ಅವೆಲ್ಲಕ್ಕಿಂತ ತೀರಾ ಚಿಕ್ಕ ಗುಂಪೊಂದರ ಬಗ್ಗೆ. ಪೈಥಾನ್ ಬಗ್ಗೆ ಕನ್ನಡದಲ್ಲೇ ಮಾತಾಡೋಣ ಅಂತ ಕೆಲವರು ಸೇರಿ ಶುರು ಮಾಡಿದ ಟೆಲಿಗ್ರಾಂ ಗುಂಪು ಅದು. ನಾನು ಅದರ ಹಳೇ ಸದಸ್ಯ, ಈಗ ಅಡ್ಮಿನ್‌ಗಳಲ್ಲಿ ಒಬ್ಬ.

ಗುಂಪಿನಲ್ಲಿ ಎಲ್ಲ ಥರದವರೂ ಇದ್ದರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮಶೀನ್ ಡೇಟಾ ನೋಡಿಕೊಳ್ಳುವವರು, ಜಯನಗರದ ಒಬ್ಬ ಚಾರ್ಟರ್ಡ್ ಅಕೌಂಟೆಂಟ್, ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು, ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಟೆಸ್ಟರ್‌ಗಳು, ಇಂಜಿನಿಯರಿಂಗ್ ಓದುವ ಹುಡುಗರು, ಹುಡುಗಿಯರು. ಆಗಾಗ ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಸೇರುತ್ತಿದ್ದೆವು. ಕೆಲವು ವರ್ಷ ಗುಂಪು ತುಂಬಾ ಚೆನ್ನಾಗಿ ನಡೆಯಿತು. ಆಮೇಲೆ ಕೆಟ್ಟಿತು. ಹೇಗೆ ಕೆಟ್ಟಿತು, ಏನು ಮಾಡಿದ ಮೇಲೆ ಸ್ವಲ್ಪ ಚೇತರಿಸಿಕೊಂಡಿತು ಅನ್ನೋದೇ ಈ ಪ್ರಕರಣ.

ಇದನ್ನು ಬರೆಯಲು ಒಂದು ಕಾರಣವಿದೆ. ಇಂಥ ಗುಂಪು ಕೆಟ್ಟಾಗ ಎಲ್ಲರೂ ಹೊಸಬರ ಕಡೆ ಬೊಟ್ಟು ಮಾಡುತ್ತಾರೆ. ನಮ್ಮ ಗುಂಪಿನ ಹಳೇ ಮಾತುಕತೆಯನ್ನೆಲ್ಲ ಕೂತು ಓದಿದ ಮೇಲೆ ನನಗೆ ಹಾಗೆ ಅನ್ನಿಸಲಿಲ್ಲ.

ಒಂದೇ ಪ್ರಶ್ನೆ, ಎರಡು ಸಲ

ಒಂದೇ ಪ್ರಶ್ನೆ ನಮ್ಮಲ್ಲಿ ಎರಡು ಬೇರೆ ಬೇರೆ ಕಾಲದಲ್ಲಿ ಬಂದಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಏನು ಬದಲಾಯಿತು ಅಂತ ಗೊತ್ತಾಗುತ್ತದೆ.

ಮೊದಲ ಸಲ ಕೇಳಿದ್ದು ಲಾಕ್‌ಡೌನ್‌ಗೆ ಮುಂಚೆ. ಅಂಗಡಿಗಳಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಡುವ ಹುಡುಗನೊಬ್ಬ, "ಪೈಥಾನ್‌ನಲ್ಲಿ 2.5 ಅನ್ನು ರೌಂಡ್ ಮಾಡಿದ್ರೆ 2 ಬರ್ತಿದೆ, 3.5 ಮಾಡಿದ್ರೆ 4 ಬರ್ತಿದೆ. ಇದೇನಣ್ಣ ಹೀಗೆ?" ಅಂತ ಕೇಳಿದ್ದ.

ಗಣಿತದ ಮೇಷ್ಟ್ರು ಮೊದಲು ಉತ್ತರಿಸಿದರು. ಸರಿಯಾಗಿ ಅರ್ಧ ಬಂದಾಗಲೆಲ್ಲ ಮೇಲಕ್ಕೇ ಏರಿಸುತ್ತಾ ಹೋದರೆ, ಸಾವಿರಾರು ಲೆಕ್ಕ ಕೂಡಿಸಿದಾಗ ಮೊತ್ತ ಮೇಲಕ್ಕೆ ವಾಲುತ್ತದೆ. ಅದಕ್ಕೆ ಹತ್ತಿರದ ಸಮ ಸಂಖ್ಯೆಗೆ ಇಳಿಸೋದು ಅಥವಾ ಏರಿಸೋದು ಒಂದು ಪದ್ಧತಿ. ಬ್ಯಾಂಕರ್ಸ್ ರೌಂಡಿಂಗ್ ಅಂತಾರೆ. ಪೈಥಾನ್ 3 ಇದನ್ನೇ ಹಿಡಿದಿದೆ. ಹಳೇ ಆವೃತ್ತಿಯಾದ ಪೈಥಾನ್ 2ರಲ್ಲಿ ಇದೇ 2.5ಕ್ಕೆ 3 ಬರುತ್ತಿತ್ತು.

ಟೆಸ್ಟರ್ ಒಬ್ಬರು ಇನ್ನೊಂದು ಎಳೆ ಸೇರಿಸಿದರು. 2.675 ಅನ್ನು ಎರಡು ದಶಾಂಶಕ್ಕೆ ರೌಂಡ್ ಮಾಡಿ ನೋಡಿ, 2.67 ಬರುತ್ತೆ ಅಂದರು. ಅದಕ್ಕೆ ಕಾರಣ ಬೇರೆ. 2.675 ಅನ್ನೋ ಸಂಖ್ಯೆ ಕಂಪ್ಯೂಟರಿನ ಬೈನರಿ ಲೆಕ್ಕದಲ್ಲಿ ಕರಾರುವಾಕ್ಕಾಗಿ ಕೂರುವುದಿಲ್ಲ, ಒಂದು ಕೂದಲೆಳೆಯಷ್ಟು ಕಡಿಮೆ ಇರುತ್ತದೆ. ಹಾಗಾಗಿ ದುಡ್ಡಿನ ಲೆಕ್ಕಕ್ಕೆ ಫ್ಲೋಟ್ (ಹೀಗೆ ಬೈನರಿಯಲ್ಲಿ ಇಡುವ ದಶಾಂಶ ಸಂಖ್ಯೆ) ಬೇಡ, ದಶಾಂಶವನ್ನು ಹಾಗೇ ಇಟ್ಟು ಲೆಕ್ಕ ಮಾಡುವ ಡೆಸಿಮಲ್ ಮಾಡ್ಯೂಲ್ ಬಳಸಿ, ಅದಕ್ಕೂ ಸಂಖ್ಯೆಯನ್ನು ಸ್ಟ್ರಿಂಗ್ ಆಗಿಯೇ, ಅಂದರೆ ಅಕ್ಷರಗಳ ಸಾಲಾಗಿಯೇ ಕೊಡಿ ಅಂದರು.

ಕೊನೆಗೆ ಬಂದವರು ಜಯನಗರದ ಅಕೌಂಟೆಂಟ್. ಅವರಿಗೆ ಪೈಥಾನ್ ಅಷ್ಟಕ್ಕಷ್ಟೇ. ಆದರೆ ನಿಜವಾದ ಉತ್ತರ ಕೊಟ್ಟವರು ಅವರೇ. "ನೀನು ಜಿಎಸ್‌ಟಿ ಬಿಲ್ಲಿಗೆ ಮಾಡ್ತಿದ್ದೀಯಾ ಅಲ್ವಾ? ಹಾಗಾದ್ರೆ ಇದು ಪೈಥಾನ್ ತೀರ್ಮಾನ ಮಾಡೋ ವಿಷಯ ಅಲ್ಲಪ್ಪ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ನೋಡು. 50 ಪೈಸೆ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಒಂದು ರೂಪಾಯಿ ಮಾಡಬೇಕು, ಕಡಿಮೆ ಇದ್ರೆ ಬಿಟ್ಟುಬಿಡಬೇಕು."

ಹುಡುಗ ಡೆಸಿಮಲ್ ಮಾಡ್ಯೂಲ್ ಹಾಕಿ, ಅರ್ಧ ಬಂದರೆ ಮೇಲಕ್ಕೆ ಏರಿಸುವ ರೌಂಡ್ ಹಾಫ್ ಅಪ್ ಆಯ್ಕೆ ಕೊಟ್ಟು, ಮಾರನೇ ದಿನ ಬಂದು ಬರೆದ: "ಸರಿ ಹೋಯ್ತು. ಎಲ್ಲರಿಗೂ ಥ್ಯಾಂಕ್ಸ್. ಆದ್ರೆ ಡಿಸ್ಕೌಂಟ್ ಮೊದಲು ಕಳೀಬೇಕಾ, ರೌಂಡ್ ಮಾಡಿ ಆಮೇಲೆ ಕಳೀಬೇಕಾ?" ಅಲ್ಲಿಂದ ಇನ್ನೊಂದು ಒಳ್ಳೇ ಚರ್ಚೆ ಶುರುವಾಯಿತು. ಅದನ್ನು ಓದಿ ನಾನೂ ಕಲಿತೆ. ಮೇಷ್ಟ್ರಿಗೆ ಸೆಕ್ಷನ್ 170 ಗೊತ್ತಿರಲಿಲ್ಲ, ಅಕೌಂಟೆಂಟ್‌ಗೆ ಬೈನರಿ ವಿಷಯ ಗೊತ್ತಿರಲಿಲ್ಲ. ಇಬ್ಬರಿಗೂ ಅವತ್ತು ಗೊತ್ತಾಯಿತು.

ಎರಡನೇ ಸಲ ಇದೇ ಪ್ರಶ್ನೆ ಬಂದದ್ದು ಚಾಟ್‌ಜಿಪಿಟಿ ಬಂದ ಮೇಲೆ. ಕೇಳಿದವರು ಒಬ್ಬ ಮೇಡಂ. ಮನೆಯವರ ಹಾರ್ಡ್‌ವೇರ್ ಅಂಗಡಿಗೆ ತಾವೇ ಬಿಲ್ಲಿಂಗ್ ಬರೆಯುತ್ತಿದ್ದರು. ಪ್ರಶ್ನೆಯನ್ನು ಹುಡುಗನಿಗಿಂತ ಚೆನ್ನಾಗಿಯೇ ಕೇಳಿದ್ದರು.

ಮೊದಲ ಉತ್ತರ: "ಗೂಗಲ್ ಮಾಡಿ." ಎರಡನೆಯದು: "ಇಷ್ಟೂ ಗೊತ್ತಿಲ್ವಾ?" ಮೂರನೆಯವರು ಪೈಥಾನ್ ಬಿಟ್ಟು ಗೋ ಅನ್ನೋ ಭಾಷೆ ಕಲಿಯಿರಿ ಅಂದರು. ಅದಕ್ಕೆ ಇನ್ನೊಬ್ಬರು ರಸ್ಟ್ ಅನ್ನೋ ಮತ್ತೊಂದು ಭಾಷೆ ಅಂದರು. ಅಲ್ಲಿಂದ ಇಬ್ಬರೂ ರಾತ್ರಿವರೆಗೆ ಜಗಳ ಆಡಿದರು. ನಡುವೆ ಯಾರೋ ಕೋರ್ಸಿನ ಲಿಂಕ್ ಹಾಕಿದರು. ಇನ್ಯಾರೋ ಚಾಟ್‌ಜಿಪಿಟಿಯ ಉತ್ತರ ಅಂತ ಒಂದು ಉದ್ದನೆಯ ಮೆಸೇಜ್ ಅಂಟಿಸಿದರು. ಸಂಖ್ಯೆಗೆ 0.5 ಕೂಡಿಸಿ, ಅದನ್ನು ಇಂಟ್ (ಪೂರ್ಣಾಂಕ) ಮಾಡಿಬಿಡಿ, ಸಾಕು ಅನ್ನುವುದು ಅದರ ಸಾರ. ಅದಕ್ಕೆ ಥಂಬ್ಸ್ ಅಪ್‌ಗಳ ಸಾಲೇ ಬಿತ್ತು.

ಈ ಉಪಾಯ ಮೇಲ್ನೋಟಕ್ಕೆ ಸರಿ. 2.5ಕ್ಕೆ 0.5 ಕೂಡಿಸಿದರೆ 3, ಇಂಟ್ ಮಾಡಿದರೂ 3. ಆದರೆ ಗಿರಾಕಿ ಸಾಮಾನು ವಾಪಸ್ ತಂದಾಗ ಅಂಗಡಿಯವರು ಕ್ರೆಡಿಟ್ ನೋಟ್ ಕೊಡಬೇಕು. ಆ ಮೇಡಂ ಬರೆದ ಪ್ರೋಗ್ರಾಂನಲ್ಲಿ ಅದು ಮೈನಸ್ ಸಂಖ್ಯೆ. 52.70 ರೂಪಾಯಿ ಬಿಲ್ 53 ಆಗುತ್ತದೆ. ಅದೇ ಸಾಮಾನು ವಾಪಸ್ ಬಂದಾಗ ಮೈನಸ್ 52.70ಕ್ಕೆ 0.5 ಕೂಡಿಸಿದರೆ ಮೈನಸ್ 52.20. ಇಂಟ್ ದಶಾಂಶವನ್ನು ಕತ್ತರಿಸಿ ಸೊನ್ನೆಯ ಕಡೆಗೆ ತರುತ್ತದೆ, ಹಾಗಾಗಿ ಸಿಗುವುದು ಮೈನಸ್ 52. ಗಿರಾಕಿಗೆ ಒಂದು ರೂಪಾಯಿ ಕಡಿಮೆ. ಲೆಕ್ಕದಲ್ಲಿ ಒಂದು ರೂಪಾಯಿ ಹಾಗೇ ನಿಂತುಬಿಡುತ್ತದೆ.

ಒಬ್ಬರಾದರೂ ಅದನ್ನು ಓಡಿಸಿ ನೋಡಿದ್ದರೆ ಇದು ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಯಾರೂ ನೋಡಲಿಲ್ಲ. ಆ ಮೇಡಂ ಅದನ್ನೇ ನಂಬಿ ಹಾಕಿಕೊಂಡರು. ತಪ್ಪು ಗೊತ್ತಾದ ಮೇಲೆ ಗುಂಪಿಗೆ ಬಂದು ಹೇಳಲಿಲ್ಲ, ಸುಮ್ನೆ ಗುಂಪು ಬಿಟ್ಟರು. ಅವರ ಪರಿಚಯದವರೊಬ್ಬರು ಬಹಳ ದಿನದ ಮೇಲೆ ಹೇಳಿದಾಗಲೇ ನಮಗೆ ವಿಷಯ ತಿಳಿದದ್ದು. ಮೇಷ್ಟ್ರು, ಟೆಸ್ಟರ್, ಅಕೌಂಟೆಂಟ್ ಮೂವರೂ ಆಗ ಇನ್ನೂ ಗುಂಪಿನಲ್ಲೇ ಇದ್ದರು. ಮೂವರೂ ನೋಟಿಫಿಕೇಶನ್ ಮ್ಯೂಟ್ ಮಾಡಿಟ್ಟಿದ್ದರು.

ಹೊಸಬರೇ ಕಾರಣವಾ?

ಇಂಟರ್ನೆಟ್ಟಿನ ಹಳಬರಲ್ಲಿ ಒಂದು ಕಥೆ ಇದೆ. ಯೂಸ್‌ನೆಟ್ ಅನ್ನೋ ಹಳೇ ಚರ್ಚಾ ವ್ಯವಸ್ಥೆಗೆ ಪ್ರತಿ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕಾಲೇಜುಗಳ ಹೊಸ ವಿದ್ಯಾರ್ಥಿಗಳು ಬರುತ್ತಿದ್ದರು. ಒಂದಷ್ಟು ದಿನ ಗಲಾಟೆ, ಆಮೇಲೆ ರೀತಿ ರಿವಾಜು ಕಲಿತು ಹೊಂದಿಕೊಳ್ಳುತ್ತಿದ್ದರು. ಎಒಎಲ್‌ನಂಥ ಕಂಪನಿಗಳು ಮನೆಮನೆಗೆ ಸಂಪರ್ಕ ಕೊಟ್ಟ ಮೇಲೆ ಹೊಸಬರು ವರ್ಷವಿಡೀ ಬರತೊಡಗಿದರು. 1993ರ ಸೆಪ್ಟೆಂಬರ್ ಮುಗಿಯಲೇ ಇಲ್ಲ ಅಂತ ಹಳಬರು ಹೇಳತೊಡಗಿದರು.

ನಮ್ಮಲ್ಲೂ ಹಾಗೇ ಆಯಿತು ಅಂತ ಕೆಲವರು ಈಗಲೂ ವಾದಿಸುತ್ತಾರೆ. ಜನ ಬಂದದ್ದು ನಿಜ. 2020ರ ಲಾಕ್‌ಡೌನ್‌ನಲ್ಲಿ ಕೆಲಸ ಬದಲಿಸಬೇಕು ಅಂತ ಬಂದವರು ಬಹಳ. ಸಿಬಿಎಸ್‌ಇ ಹನ್ನೊಂದು, ಹನ್ನೆರಡನೇ ಕ್ಲಾಸಿನ ಕಂಪ್ಯೂಟರ್ ಸೈನ್ಸ್‌ನಲ್ಲಿ ಪೈಥಾನ್ ಇದೆ. ವಿಟಿಯು 2022ರ ಸ್ಕೀಮ್‌ನಲ್ಲಿ ಇಂಜಿನಿಯರಿಂಗ್ ಮೊದಲ ವರ್ಷಕ್ಕೇ ಪೈಥಾನ್ ಪೇಪರ್ ಬಂತು. ಪರೀಕ್ಷೆ ಹತ್ತಿರ ಬಂದರೆ ಒಂದೇ ಲ್ಯಾಬ್ ಪ್ರೋಗ್ರಾಂ ಬಗ್ಗೆ ಹತ್ತಾರು ಜನ ಕೇಳುತ್ತಿದ್ದರು.

ಆದರೆ ನಮ್ಮ ಒಳ್ಳೇ ಕಾಲದಲ್ಲೂ ಕೇಳುತ್ತಿದ್ದವರು ಹೊಸಬರೇ ಅಲ್ವಾ? ರೌಂಡ್ ಬಗ್ಗೆ ಕೇಳಿದ ಆ ಹುಡುಗ ಹೊಸಬ. ಹೊಸಬರು ದಡ್ಡ ಪ್ರಶ್ನೆ ಕೇಳುವುದರಿಂದ ಗುಂಪು ಹಾಳಾಗುವುದಾದರೆ ನಮ್ಮದು ಮೊದಲ ತಿಂಗಳಲ್ಲೇ ಹಾಳಾಗಬೇಕಿತ್ತು.

ಹಾಗಾಗಿ ನಾನು ಮಾತು ನಿಲ್ಲಿಸಿದ ಹಳಬರನ್ನು ಒಬ್ಬೊಬ್ಬರಾಗಿ ಕೇಳಿದೆ. ಕೆಲವರಿಗೆ ಫೋನ್ ಮಾಡಿದೆ, ಕೆಲವರ ಜೊತೆ ಕೂತು ಕಾಫಿ ಕುಡಿದೆ. ಅದೇ ಅದೇ ಪ್ರಶ್ನೆ ಬಂದು ಬೇಜಾರಾಯಿತು ಅನ್ನುತ್ತಾರೆ ಅಂದುಕೊಂಡಿದ್ದೆ. ಹೆಚ್ಚಿನವರು ಹಾಗೆ ಹೇಳಲಿಲ್ಲ. ಗಣಿತದ ಮೇಷ್ಟ್ರ ಮಾತು ಹೀಗಿತ್ತು: "ಕ್ಲಾಸಲ್ಲಿ ಪ್ರತಿ ವರ್ಷ ಅದೇ ಪಾಠ ಮಾಡ್ತೀನಿ, ನನಗೇನು ಬೇಜಾರಿಲ್ಲ. ಇಲ್ಲಿ ಅರ್ಧ ಗಂಟೆ ಕೂತು ಬರೆದು ಹಾಕಿದ್ರೆ, ಕೇಳಿದವರು ಓದಿದ್ರಾ, ಕೆಲಸ ಆಯ್ತಾ, ಆಗಲಿಲ್ವಾ, ಏನೂ ಗೊತ್ತಾಗಲ್ಲ. ಬಾವಿಗೆ ಕಲ್ಲು ಹಾಕಿದ್ರೂ ಒಂದು ಸದ್ದು ಬರುತ್ತೆ."

ಟೆಸ್ಟರ್ ಹೇಳಿದ್ದು ಇನ್ನೊಂದು. ಅವರು ಓಡಿಸಿ ನೋಡಿ ಬರೆದ ಉತ್ತರದ ಕೆಳಗೆ ಯಾರೋ ಅಂಟಿಸಿದ ಉದ್ದನೆಯ ತಪ್ಪು ಉತ್ತರಕ್ಕೆ ಜಾಸ್ತಿ ಮೆಚ್ಚುಗೆ ಬರುತ್ತಿತ್ತು. ಅದು ಯಾಕೆ ತಪ್ಪು ಅಂತ ತೋರಿಸಲು ಅವರು ಇನ್ನೊಂದು ಗಂಟೆ ಕೂರಬೇಕಿತ್ತು. ಅಂಟಿಸಿದವರಿಗೆ ಅರ್ಧ ನಿಮಿಷದ ಕೆಲಸ, ತಿದ್ದುವವರಿಗೆ ಒಂದು ಗಂಟೆಯದು. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋ ಚಾಟ್‌ಜಿಪಿಟಿ ಉತ್ತರಗಳನ್ನು 2022ರ ಡಿಸೆಂಬರ್‌ನಲ್ಲೇ, ಅಂದರೆ ಅದು ಬಿಡುಗಡೆಯಾದ ಕೆಲವೇ ದಿನದಲ್ಲಿ, ನಿಷೇಧಿಸಿತು. ಕಾರಣ ಹೆಚ್ಚುಕಡಿಮೆ ಇದೇ. ನೋಡಲು ಸರಿ ಅನ್ನಿಸುವ ತಪ್ಪು ಉತ್ತರಗಳು ರಾಶಿ ಬೀಳುತ್ತವೆ, ಪರೀಕ್ಷಿಸುವ ಭಾರ ಬೆರಳೆಣಿಕೆಯ ಜನರ ಮೇಲೆ ಬೀಳುತ್ತದೆ.

ಒಬ್ಬ ಅಕ್ಕ, "ಇಷ್ಟೂ ಗೊತ್ತಿಲ್ವಾ ಅನ್ನೋ ಒಂದೇ ಮಾತಿಗೆ ನಾನು ಕೇಳೋದನ್ನೂ ಬಿಟ್ಟೆ, ಹೇಳೋದನ್ನೂ ಬಿಟ್ಟೆ" ಅಂದರು. ನ್ಯೂಯಾರ್ಕಿನ ರಿಕರ್ಸ್ ಸೆಂಟರ್ ಅನ್ನೋ ಪ್ರೋಗ್ರಾಮಿಂಗ್ ಕಲಿಕಾ ಕೇಂದ್ರದಲ್ಲಿ ಇದಕ್ಕೇ ಒಂದು ನಿಯಮ ಇದೆ: ಯಾರಿಗಾದರೂ ಏನಾದರೂ ಗೊತ್ತಿಲ್ಲ ಅಂದಾಗ ಆಶ್ಚರ್ಯ ನಟಿಸಬಾರದು. ಅಷ್ಟು ಸಣ್ಣ ವಿಷಯಕ್ಕೆ ನಿಯಮ ಯಾಕೆ ಅಂತ ಮುಂಚೆ ಅನ್ನಿಸುತ್ತಿತ್ತು. ಆ ಅಕ್ಕನ ಮಾತು ಕೇಳಿದ ಮೇಲೆ ಅನ್ನಿಸಲ್ಲ.

ಇದೆಲ್ಲ ಕೇಳಿಸಿಕೊಂಡು ಹಳೇ ಚರ್ಚೆಗಳನ್ನು ಮತ್ತೆ ತಿರುವಿ ಹಾಕಿದೆ. ಒಂದು ವಿಷಯ ಎದ್ದು ಕಂಡಿತು. ಒಳ್ಳೇ ಕಾಲದ ಹೆಚ್ಚಿನ ಚರ್ಚೆಗಳಲ್ಲಿ ಕೊನೆಯ ಮೆಸೇಜ್ ಕೇಳಿದವರದ್ದೇ. "ಆಯ್ತು", "ಸರಿ ಹೋಯ್ತು", "ಇಲ್ಲ, ಈಗ ಬೇರೆ ಎರರ್ ಬರ್ತಿದೆ". ಕೆಟ್ಟ ಕಾಲದಲ್ಲಿ ಕೊನೆಯ ಮೆಸೇಜ್ ಒಂದು ಲಿಂಕ್, ಒಂದು ಮೀಮ್, ಇಲ್ಲಾ ಜಗಳದ ಕೊನೆಯ ಬೈಗುಳ. ಕೇಳಿದವರ ಪತ್ತೆಯೇ ಇಲ್ಲ.

ನನ್ನ ಮಟ್ಟಿಗೆ ಗುಂಪಿನ ಆರೋಗ್ಯ ಅಳೆಯಲು ಇದೊಂದೇ ಸಾಕು. ಮೆಸೇಜ್ ಎಷ್ಟು, ಸದಸ್ಯರು ಎಷ್ಟು ಅಂತ ನೋಡಿದ್ದರೆ ನಮ್ಮ ಗುಂಪು ಕೆಡುತ್ತಿದ್ದ ಹೊತ್ತಿನಲ್ಲಿ ಬೆಳೆಯುತ್ತಿದೆ ಅಂತಲೇ ಕಾಣುತ್ತಿತ್ತು. ಉತ್ತರ ಕೊಡುವವರಿಗೆ ಇಲ್ಲಿ ಸಂಬಳ ಇಲ್ಲ. ತನ್ನ ಉತ್ತರ ಕೆಲಸಕ್ಕೆ ಬಂತು ಅಂತ ಗೊತ್ತಾಗುವುದೇ ಅವರಿಗೆ ಸಿಗುವ ಪ್ರತಿಫಲ. ಅದು ನಿಂತರೆ ಗೊತ್ತಿರುವವರು ಮೊದಲು ನಿಲ್ಲುತ್ತಾರೆ. ಯಾಕೆಂದರೆ ಅವರಿಗೆ ಬೇರೆ ಕೆಲಸ ಇದೆ.

ಅವರು ನಿಂತ ಜಾಗಕ್ಕೆ ಬಂದದ್ದು ವಾದ. ಹ್ಯಾಸ್ಕೆಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದವರಲ್ಲಿ ಒಬ್ಬರಾದ ಫಿಲಿಪ್ ವಾಡ್ಲರ್ ಹೆಸರಿನಲ್ಲಿ ಒಂದು ನಿಯಮವಿದೆ. ಭಾಷೆಯೊಂದನ್ನು ರೂಪಿಸುವಾಗ ಅರ್ಥದ ಬಗ್ಗೆ ಚರ್ಚಿಸುವ ಸಮಯದ ಎರಡರಷ್ಟು ವ್ಯಾಕರಣಕ್ಕೆ, ಅದರ ಎರಡರಷ್ಟು ಅಕ್ಷರ, ಚಿಹ್ನೆಗಳಿಗೆ, ಅದರ ಎರಡರಷ್ಟು ಕಾಮೆಂಟ್ (ಕೋಡ್ ನಡುವಿನ ಟಿಪ್ಪಣಿ) ಹೇಗೆ ಬರೆಯಬೇಕು ಅನ್ನುವುದಕ್ಕೆ ಹೋಗುತ್ತದೆ ಅಂತ. ನಮ್ಮಲ್ಲೂ ಕೋಡ್ ಸಾಲನ್ನು ಒಳಗೆ ಸರಿಸಲು ಟ್ಯಾಬಾ, ಸ್ಪೇಸಾ ಅನ್ನೋ ವಾದ ದಿನಗಟ್ಟಲೆ ನಡೆದಿದೆ. ಪೈಥಾನ್‌ನ ಶೈಲಿ ಮಾರ್ಗದರ್ಶಿ ಪೆಪ್ 8, ನಾಲ್ಕು ಸ್ಪೇಸ್ ಅಂತ ಎಂದೋ ಹೇಳಿ ಮುಗಿಸಿದೆ. ಇಂಥ ವಾದಕ್ಕೆ ಏನೂ ಓದಬೇಕಿಲ್ಲ, ಏನೂ ಓಡಿಸಿ ನೋಡಬೇಕಿಲ್ಲ, ಹಾಗಾಗಿ ಎಲ್ಲರೂ ಸೇರಿಕೊಳ್ಳಬಹುದು.

ಮೇಲಿನ ಮಟ್ಟದಲ್ಲೂ ಇದರ ಬಿಸಿ ತಟ್ಟಿದೆ. ಪೈಥಾನ್ ಸೃಷ್ಟಿಸಿದ ಗೈಡೊ ವಾನ್ ರೋಸಮ್, 2018ರ ಜುಲೈನಲ್ಲಿ ಪೆಪ್ 572 ಅನ್ನೋ ಪ್ರಸ್ತಾಪದ ಜಗಳದಿಂದ ಬೇಸತ್ತು ಮುಖ್ಯಸ್ಥನ ಜಾಗ ಬಿಟ್ಟರು. ವಿಷಯ ಅಸೈನ್‌ಮೆಂಟ್‌ನ, ಅಂದರೆ ಕೋಡ್‌ನಲ್ಲಿ ಒಂದು ಹೆಸರಿಗೆ ಬೆಲೆ ಕೊಡುವುದರ, ಒಂದು ಹೊಸ ಚಿಹ್ನೆಯದು. ಪ್ರಸ್ತಾಪ ಅಂಗೀಕಾರವಾಗಿತ್ತು, ಆದರೂ ಅಷ್ಟು ಹೋರಾಡಿ ಇನ್ನು ಸಾಕು ಅನ್ನಿಸಿತ್ತು ಅವರಿಗೆ. 2019ರಿಂದ ಐದು ಜನರ ಸ್ಟೀರಿಂಗ್ ಕೌನ್ಸಿಲ್ ಆ ಕೆಲಸ ನೋಡುತ್ತಿದೆ.

ಏನು ಮಾಡಿದೆವು

ಮೊದಲು ಅಡ್ಮಿನ್‌ಗಳೆಲ್ಲ ಸೇರಿ ಉದ್ದನೆಯ ನಿಯಮಾವಳಿ ಬರೆದು ಪಿನ್ ಮಾಡಿದೆವು. ಯಾರೂ ಓದಲಿಲ್ಲ. ಓದಿದವರು ಅದನ್ನು ಬೇರೆಯವರ ಮೇಲೆ ಪ್ರಯೋಗಿಸಿದರು. "ನಿಯಮ ಆರು ನೋಡಿ" ಅನ್ನೋದೇ ಹೊಸ "ಗೂಗಲ್ ಮಾಡಿ" ಆಯಿತು. ಜಗಳಗಂಟರನ್ನು ತೆಗೆದುಹಾಕಿದಾಗ, ಯಾಕೆ ತೆಗೆದಿರಿ ಅಂತ ವಾರಗಟ್ಟಲೆ ಇನ್ನೊಂದು ಜಗಳ ನಡೆಯಿತು.

ಕೆಲಸಕ್ಕೆ ಬಂದದ್ದು ಬಹಳ ಸಣ್ಣ ಒಂದು ಏರ್ಪಾಟು. ಪ್ರತಿ ವಾರಕ್ಕೆ ಒಬ್ಬರು ಹೊಣೆ ಹೊರಬೇಕು. ಅವರು ಎಲ್ಲಕ್ಕೂ ಉತ್ತರಿಸಬೇಕಿಲ್ಲ. ಆ ವಾರದ ಪ್ರತಿ ಪ್ರಶ್ನೆಯನ್ನು ಗುರುತು ಹಾಕಿಕೊಂಡು, ಒಂದೆರಡು ದಿನ ಬಿಟ್ಟು ಕೇಳಿದವರಿಗೆ, "ಏನಾಯ್ತು? ಸರಿ ಹೋಯ್ತಾ?" ಅಂತ ಗುಂಪಿನಲ್ಲೇ ಕೇಳಬೇಕು, ಅಷ್ಟೇ. ಕೇಳಿಸಿಕೊಂಡವರು ನಾಚಿಕೆಯಿಂದಲೋ ಖುಷಿಯಿಂದಲೋ ವಾಪಸ್ ಬಂದು ಹೇಳತೊಡಗಿದರು. ಕೆಲವರು ಸರಿ ಹೋಗಲಿಲ್ಲ ಅಂದರು. ಆಗ ತಪ್ಪು ಉತ್ತರಗಳು ತಾವಾಗಿಯೇ ಬೆಳಕಿಗೆ ಬಂದವು. ಅಂಟಿಸಿದವರಿಗೆ ಬೈಯುವ ಅಗತ್ಯವೇ ಬೀಳಲಿಲ್ಲ. ತಮ್ಮ ಉತ್ತರ ಕೆಲಸ ಮಾಡಲಿಲ್ಲ ಅಂತ ಎಲ್ಲರೆದುರು ಗೊತ್ತಾದ ಮೇಲೆ ಕೆಲವರು ತಾವೇ ಓಡಿಸಿ ನೋಡಿ ಹಾಕತೊಡಗಿದರು.

ಇದರ ಜೊತೆಗೆ ಉತ್ತರಕ್ಕೊಂದು ಷರತ್ತು ಇಟ್ಟೆವು. ಚಾಟ್‌ಜಿಪಿಟಿಯಿಂದ ತಂದರೂ ಪರವಾಗಿಲ್ಲ, ಆದರೆ ಓಡಿಸಿ, ಯಾವ ಪೈಥಾನ್ ಆವೃತ್ತಿ, ಏನು ಬಂತು ಅಂತ ಹಾಕಬೇಕು. ಕೋರ್ಸ್ ಲಿಂಕು, ಕೆಲಸದ ಜಾಹೀರಾತು, ಗೋ ಮೇಲಾ ರಸ್ಟ್ ಮೇಲಾ ಅನ್ನೋದಕ್ಕೆಲ್ಲ ಬೇರೆ ಗುಂಪು ಮಾಡಿದೆವು. ಅದು ಅಲ್ಲಿ ಜೋರಾಗಿಯೇ ನಡೆಯುತ್ತಿದೆ.

ಪ್ರಶ್ನೆಗೂ ಷರತ್ತು ಹಾಕಿದ್ದೆವು. ಏನು ಮಾಡಿದಿರಿ, ಏನು ಬರಬೇಕಿತ್ತು, ಏನು ಬಂತು. ಟ್ರೇಸ್‌ಬ್ಯಾಕ್ (ತಪ್ಪಾದಾಗ ಪೈಥಾನ್ ತೋರಿಸುವ ಎರರ್ ವಿವರ) ಪೂರ್ತಿ ಇರಬೇಕು, ಸ್ಕ್ರೀನ್‌ಶಾಟ್ ಬೇಡ. ಇಲ್ಲಿ ಒಂದು ತೊಡಕು ಬಂತು. ಹುಡುಗಿಯೊಬ್ಬಳು ನನಗೆ ಖಾಸಗಿಯಾಗಿ ಬರೆದಳು: "ಸರ್, ನನ್ನ ಹತ್ರ ಲ್ಯಾಪ್‌ಟಾಪ್ ಇಲ್ಲ. ಫೋನಲ್ಲೇ ಪೈಥಾನ್ ಕಲೀತಿರೋದು. ಕಾಲೇಜಿನ ಲ್ಯಾಬ್ ಸ್ಕ್ರೀನಿನ ಫೋಟೋ ಬಿಟ್ರೆ ನನಗೆ ಬೇರೆ ದಾರಿ ಇಲ್ಲ." ಲ್ಯಾಬ್ ಕಂಪ್ಯೂಟರಿನಲ್ಲಿ ಟೆಲಿಗ್ರಾಂ ತೆರೆಯಲು ಬಿಡುವುದಿಲ್ಲ, ಅಲ್ಲಿನ ಎರರ್ ಅನ್ನು ಫೋನಿಗೆ ತರಲು ಫೋಟೋ ಒಂದೇ ಉಪಾಯ. ಅವಳಂಥವರು ಎಷ್ಟು ಜನ ಮಾತಾಡದೇ ಉಳಿದರೋ. ಸ್ಕ್ರೀನ್‌ಶಾಟ್ ನಿಷೇಧ ತೆಗೆದೆವು. ಫೋಟೋ ಹಾಕಿ, ಆದರೆ ಟ್ರೇಸ್‌ಬ್ಯಾಕ್‌ನ ಕೊನೆಯ ಸಾಲನ್ನು ಟೈಪ್ ಮಾಡಿ ಅಂತ ಬದಲಾಯಿಸಿದೆವು. ಕೊನೆಯ ಸಾಲಿನಲ್ಲೇ ಎರರ್‌ನ ಹೆಸರು, ಕಾರಣ ಇರುತ್ತದೆ. ಅದನ್ನು ಟೈಪ್ ಮಾಡುವಾಗಲೇ ಕೆಲವರಿಗೆ ಉತ್ತರ ಹೊಳೆಯುತ್ತದೆ ಅನ್ನೋದು ನಾವು ಎಣಿಸಿರದ ಲಾಭ.

ಈಗ ಹೇಗಿದೆ

ಮೆಸೇಜ್‌ಗಳು ತುಂಬಾ ಕಡಿಮೆಯಾದವು. ಗುಂಪು ಸತ್ತೇ ಹೋಯಿತು ಅಂತ ಕೆಲವರು ಬಿಟ್ಟು ಹೋದರು. ಮೇಷ್ಟ್ರು ವಾಪಸ್ ಬಂದರು. ಅಕೌಂಟೆಂಟ್ ಆಗಾಗ ಬರುತ್ತಾರೆ, ಮಾರ್ಚ್‌ನಲ್ಲಿ ಮಾತ್ರ ಕೇಳಲೇಬೇಡಿ ಅನ್ನುತ್ತಾರೆ. ಟೆಸ್ಟರ್ ಬರಲಿಲ್ಲ, ಬರುವುದಿಲ್ಲ ಅಂತ ನೇರವಾಗಿಯೇ ಹೇಳಿದರು. ಹಾರ್ಡ್‌ವೇರ್ ಅಂಗಡಿಯ ಮೇಡಂಗೆ ಸರಿಯಾದ ಉತ್ತರವನ್ನು ಪರಿಚಯದವರ ಮೂಲಕ ಕಳಿಸಿದೆವು. ಡೆಸಿಮಲ್ ಮಾಡ್ಯೂಲ್‌ನ ರೌಂಡ್ ಹಾಫ್ ಅಪ್ ಹತ್ತಿರದ ಪೂರ್ಣ ಸಂಖ್ಯೆಗೆ ತರುತ್ತದೆ, ಸರಿಯಾಗಿ ಅರ್ಧ ಬಂದರೆ ಮೈನಸ್ ಸಂಖ್ಯೆಯನ್ನೂ ಸೊನ್ನೆಯಿಂದ ಆಚೆಗೇ ಒಯ್ಯುತ್ತದೆ, ಹಾಗಾಗಿ ಬಿಲ್ಲು, ಕ್ರೆಡಿಟ್ ನೋಟು ಎರಡೂ ತಾಳೆಯಾಗುತ್ತವೆ. ಅವರು ಗುಂಪಿಗೆ ಮರಳಲಿಲ್ಲ.

ಬಗೆಹರಿಯದ ಸಮಸ್ಯೆ ಒಂದಿದೆ. ವಾರದ ಹೊಣೆ ಸರದಿಯಲ್ಲಿ ಸಾಗಬೇಕು ಅಂತ ಇತ್ತು. ಈಗ ಅದೇ ನಾಲ್ಕೈದು ಜನರ ನಡುವೆ ಸುತ್ತುತ್ತಿದೆ. ಕಂಪನಿಗಳಲ್ಲಿ ಕೆಲಸದ ಒತ್ತಡ ಏರಿದ ವಾರ ಹೊಣೆ ಹೊರಲು ಯಾರೂ ಸಿಗುವುದಿಲ್ಲ. ಆ ವಾರದ ಪ್ರಶ್ನೆಗಳು ಹಾಗೇ ಉಳಿಯುತ್ತವೆ. ಹೊಸಬರಿಗೆ ಈ ಕೆಲಸ ಕೊಡೋಣ ಅಂತ ಮೇಷ್ಟ್ರು ಹೇಳುತ್ತಿದ್ದಾರೆ. ಏನಾಯ್ತು ಅಂತ ಕೇಳಲು ಪೈಥಾನ್ ಬರಬೇಕಿಲ್ಲ, ಕೇಳುತ್ತಾ ಕೇಳುತ್ತಾ ಬರುತ್ತದೆ ಅನ್ನುವುದು ಅವರ ವಾದ. ಫೋನಿನಲ್ಲೇ ಕಲಿಯುತ್ತಿರುವ ಆ ಹುಡುಗಿಯನ್ನು ಕೇಳಿದ್ದೇವೆ. ಸೆಮಿಸ್ಟರ್ ಪರೀಕ್ಷೆ ಮುಗಿಯಲಿ ಸರ್, ಆಮೇಲೆ ಮಾಡ್ತೀನಿ ಅಂದಿದ್ದಾಳೆ.